ನಡುರಾತ್ರಿಯ ಬೆಳಕು, ಅಂಗಳದ ಆಲೂಗಡ್ಡೆ

ಕನ್ನಡದ ‘ಬೇಸಿಗೆ’ ಎಂಬ ಮಾತಿನಲ್ಲಿ ‘ಬೇ’ ಎಂಬ ಧಾತು ಅಡಗಿದೆ. ಬೇಯುವುದು, ಬೆಂದು ಬಸವಳಿಯುವುದು ಅದರ ಹುಟ್ಟುಗುಣ. ಈ ಮಾತನ್ನು ಸ್ವೀಡನ್ ದೇಶದ ಜೂನ್, ಜುಲೈ ತಿಂಗಳುಗಳಿಗೆ ಅಂಟಿಸಿದರೆ ಆ ಋತುವಿಗೆ ಅನ್ಯಾಯವಾದೀತು. ಅಲ್ಲಿ ಬಿಸಿಲನ್ನು ಕಂಡು ನೆರಳಿಗೆ ಓಡುವವರು ಕಡಿಮೆ; ನೆರಳು ಬಂದಂತೆಲ್ಲ ಕುರ್ಚಿಯನ್ನು ಬಿಸಿಲಿನ ಕಡೆಗೆ ಎಳೆದುಕೊಂಡು ಹೋಗುವವರೇ ಹೆಚ್ಚು. ಹಳ್ಳಿಯ ತೋಟದ ಮನೆಯೊಂದರಲ್ಲಿ ಬೆಳಗಿನ ಕಾಫಿಗೆ ಮೂಡಲ ಗೋಡೆಯ ಬಳಿ ಹಾಕಿದ್ದ ಮೇಜು ಸಂಜೆಯ ಹೊತ್ತಿಗೆ ಪಡುವಣ ಗೋಡೆಯ ಬಳಿ ಸೇರಿರುತ್ತದೆ. ಮನೆಯವರು ಸೂರ್ಯನ ಹಿಂದೆ ಹಿಂದೆಯೇ ಮನೆಗೊಂದು ಪ್ರದಕ್ಷಿಣೆ ಮುಗಿಸಿರುತ್ತಾರೆ.

ಇದಕ್ಕೆ ಕಾರಣ ತಿಳಿಯಬೇಕಾದರೆ ಭೂಪಟವನ್ನು ನೋಡಬೇಕು. ಸ್ವೀಡನ್ ಹರಡಿರುವುದು ಉತ್ತರ ಅಕ್ಷಾಂಶ 55ರಿಂದ 69ರವರೆಗೆ. ರಾಜಧಾನಿ ಸ್ಟಾಕ್‌ಹೋಮ್ ಇರುವುದು 59ನೆಯ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುವಿನಲ್ಲಿ ಅಲ್ಲಿ ಹಗಲಿಗೆ ಆರು ಗಂಟೆಗಳ ಆಯುಸ್ಸು. ಅದೂ ಮೋಡ ಕವಿದ ದಿನವಾದರೆ ದೀಪ ಆರಿಸುವ ಪ್ರಸಂಗವೇ ಬರದು. ಅದೇ ಊರಿನಲ್ಲಿ ಜೂನ್ ಕೊನೆಯ ಭಾಗದಲ್ಲಿ ಹಗಲು ಹದಿನೆಂಟೂವರೆ ಗಂಟೆ. ಉಳಿದ ಐದೂವರೆ ಗಂಟೆಯಾದರೂ ಕತ್ತಲೆಯೇ? ಅದೂ ಅಲ್ಲ. ಸೂರ್ಯ ದಿಗಂತದ ಸ್ವಲ್ಪ ಕೆಳಗೆ ಇಳಿದು, ಅಲ್ಲಿಯೇ ಓರೆಯಾಗಿ ಸರಿದು, ಮತ್ತೆ ತಲೆಯೆತ್ತುತ್ತಾನೆ. ಆಕಾಶ ಹಾಲಿನಲ್ಲಿ ನೀಲಿ ಕಲಸಿದಂತೆ ಇರುತ್ತದೆ. ಇನ್ನೂ ಬಡಗಣಕ್ಕೆ, ಕಿರುನಾದಂಥ ಊರುಗಳಲ್ಲಿ, ಅವನು ಮೇ ಕೊನೆಯಿಂದ ಜುಲೈ ನಡುವಿನವರೆಗೆ ಮುಳುಗುವುದೇ ಇಲ್ಲ. ಹನ್ನೆರಡು ತಿಂಗಳ ಬೆಳಕನ್ನು ಪ್ರಕೃತಿ ಹೀಗೆ ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟಾಗ ಅದನ್ನು ಮನೆಯೊಳಗೆ ಕುಳಿತು ಕಳೆಯಲು ಯಾರಿಗೆ ಮನಸ್ಸು ಬಂದೀತು?

ತೋಟಕ್ಕೆ ಬೇಸಿಗೆ ಬರುವ ಕ್ರಮವೂ ಸೊಗಸಾದುದು. ಏಪ್ರಿಲಿನಲ್ಲಿ ಇನ್ನೂ ಹಿಮದ ಕೊಳಕು ತೇಪೆಗಳು ಬೇಲಿಯಡಿಯಲ್ಲಿ ಉಳಿದಿರುವಾಗಲೇ ರೂಬಾರ್ಬ್ ಗಿಡದ ಕೆಂಪು ಮೊಗ್ಗು ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತದೆ. ಇದರ ಎಲೆ ವಿಷ, ದಂಟು ಮಾತ್ರ ತಿನ್ನಲು ಯೋಗ್ಯ. ಅದೂ ಹಲ್ಲು ಚುಳ್ಳೆನ್ನಿಸುವಷ್ಟು ಹುಳಿ. ಮಕ್ಕಳು ಅದರ ತುದಿಯನ್ನು ಸಕ್ಕರೆಯ ಬಟ್ಟಲಿಗೆ ಅದ್ದಿ ಕಚ್ಚುತ್ತಾರೆ. ಕಣ್ಣು ಮುಚ್ಚುತ್ತಾರೆ, ಮತ್ತೆ ಅದ್ದುತ್ತಾರೆ. ಮೇ ತಿಂಗಳಲ್ಲಿ ‘ಹೆಗ್’ ಎಂಬ ಕಾಡುಚೆರ್ರಿ ಬೆಳ್ಳಗೆ ಹೂ ಬಿಡುತ್ತದೆ. ಅದು ಉದುರಿದ ಮೇಲೆ ಲೈಲಾಕ್ ಗಿಡದ ನೇರಳೆ ಗೊಂಚಲುಗಳು. ಈ ಎರಡು ಹೂಗಳ ನಡುವಣ ಕೆಲವು ದಿನಗಳನ್ನೇ ಸ್ವೀಡಿಷರು ವರ್ಷದ ಮುಕುಟವೆಂದು ಎಣಿಸುತ್ತಾರೆ. ಅದಕ್ಕೆ ‘ಹೆಗ್ ಮತ್ತು ಲೈಲಾಕ್ ನಡುವೆ’ ಎಂದೇ ಹೆಸರು. ಬೂಟು ಹೊಲಿಯುವವನೊಬ್ಬ ತನ್ನ ಅಂಗಡಿಯ ಬಾಗಿಲಿಗೆ ‘ಹೆಗ್ ಮತ್ತು ಲೈಲಾಕ್ ನಡುವೆ ಅಂಗಡಿ ಮುಚ್ಚಿದೆ’ ಎಂದು ಹಲಗೆ ತೂಗುಹಾಕಿ ಹೊರಟುಹೋದನೆಂಬ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. ಗಿರಾಕಿಗಳು ಸಿಟ್ಟಾದರೆಂದು ಮಾತ್ರ ಯಾರೂ ಹೇಳುವುದಿಲ್ಲ.

ಆದರೆ ಹೂ ಕಂಡಿತೆಂದು ಎಚ್ಚರ ತಪ್ಪುವಂತಿಲ್ಲ. ಜೂನ್ ಮೊದಲ ವಾರಗಳಲ್ಲಿ ‘ಕಬ್ಬಿಣದ ರಾತ್ರಿಗಳು’ ಎಂಬ ಮಂಜಿನ ದಾಳಿಯ ಭಯವಿದೆ. ನಿರ್ಮಲವಾದ ಆಕಾಶ, ನಿಶ್ಚಲವಾದ ಗಾಳಿ, ನೋಡಲು ರಮಣೀಯ; ಬೆಳಗಾಗುವಷ್ಟರಲ್ಲಿ ಆಲೂಗಡ್ಡೆಯ ಎಳೆ ಸೊಪ್ಪು ಕರ್ರಗೆ ಸುಟ್ಟಂತಾಗಿರುತ್ತದೆ. ಅಂಥ ಸಂಜೆಗಳಲ್ಲಿ ಹಳ್ಳಿಯ ತೋಟಗಾರರು ಹಳೆಯ ಚಾದರ, ಪತ್ರಿಕೆಯ ಹಾಳೆ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಸಸಿಗಳಿಗೆ ಹೊದಿಸುತ್ತಾರೆ.

ಈ ಆಲೂಗಡ್ಡೆಗೂ ಅಲ್ಲೊಂದು ಚರಿತ್ರೆಯುಂಟು. 1724ರಲ್ಲಿ ಯೂನಾಸ್ ಆಲ್‌ಸ್ಟ್ರೋಮರ್ ಎಂಬ ಉದ್ಯಮಿ ಆಲಿಂಗ್ಸೋಸ್ ಎಂಬಲ್ಲಿ ಅದನ್ನು ನೆಡಿಸಿದ. ಜನ ಅದನ್ನು ಬಹುಕಾಲ ಸಂಶಯದಿಂದಲೇ ನೋಡಿದರು. 1746ರಲ್ಲಿ ಎವಾ ಎಕೆಬ್ಲಾಡ್ ಎಂಬ ಗೃಹಿಣಿ ಅದರಿಂದ ಹಿಟ್ಟು ಮಾಡಬಹುದು, ಮದ್ಯವನ್ನೂ ಇಳಿಸಬಹುದು ಎಂದು ತೋರಿಸಿಕೊಟ್ಟಳು. 1748ರಲ್ಲಿ ಅಲ್ಲಿನ ರಾಜಮನ್ನಣೆಯ ವಿಜ್ಞಾನ ಅಕಾಡೆಮಿ ಆಕೆಯನ್ನು ಸದಸ್ಯಳನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಹೆಂಗಸು ಆಕೆಯೇ. ಜನರ ಅಂಜಿಕೆ ಕಳೆಯಲೆಂದು ಆಕೆ ಆಲೂಗಡ್ಡೆಯ ಹೂವನ್ನೇ ಮುಡಿದುಕೊಳ್ಳುತ್ತಿದ್ದಳೆಂಬ ಐತಿಹ್ಯವಿದೆ. ನಿಜವೋ ಅಲ್ಲವೋ, ಕಥೆ ಚೆನ್ನಾಗಿದೆ. ಇಂದು ಮಾತ್ರ ಜೂನ್ ತಿಂಗಳ ಎಳೆಯ ಆಲೂಗಡ್ಡೆಗಿಂತ ದೊಡ್ಡ ಭಕ್ಷ್ಯ ಸ್ವೀಡನ್ನಿನ ತೋಟದಲ್ಲಿಲ್ಲ. ಗೋಲಿಯಷ್ಟು ಗಾತ್ರದ ಗಡ್ಡೆಗಳನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಅಗೆದು, ಸಿಪ್ಪೆ ಸುಲಿಯದೆ, ಬೆರಳಿನಿಂದಲೇ ಮಣ್ಣು ತೊಳೆದು, ಉಪ್ಪುನೀರಿಗೆ ಹಾಕುತ್ತಾರೆ. ಜೊತೆಗೆ ಒಂದು ಹಿಡಿ ಸೊಪ್ಪು. ಆ ಸೊಪ್ಪು ಬೇರೆ ಯಾವುದೂ ಅಲ್ಲ, ಕನ್ನಡ ನಾಡಿನ ಸಂತೆಗಳಲ್ಲಿ ಕಟ್ಟು ಕಟ್ಟಾಗಿ ಮಾರುವ ಸಬ್ಬಸಿಗೆಯೇ. ಇಲ್ಲಿ ಅದು ಅಕ್ಕಿರೊಟ್ಟಿಗೂ ಕಾಳಿನ ಸಾರಿಗೂ ಸೇರಿದರೆ ಅಲ್ಲಿ ಆಲೂಗಡ್ಡೆಗೂ ಮೀನಿಗೂ ಸೇರುತ್ತದೆ. ಪರಿಮಳ ಮಾತ್ರ ಎರಡೂ ಕಡೆ ಒಂದೇ. ಬೆಂದ ಗಡ್ಡೆಗಳನ್ನು ಬೆಣ್ಣೆಯೊಡನೆ ಮೇಜಿಗೆ ತಂದರೆ ಆಯಿತು. ಆ ಮೇಲೆ ಕೆಲವು ನಿಮಿಷ ಯಾರೂ ಮಾತನಾಡುವುದಿಲ್ಲ.

ಜೂನ್ 19ರಿಂದ 25ರೊಳಗೆ ಬರುವ ಶುಕ್ರವಾರವೇ ನಡುಬೇಸಿಗೆಯ ಹಬ್ಬದ ಮುನ್ನಾದಿನ. 1953ಕ್ಕೆ ಮೊದಲು ಅದಕ್ಕೆ ಗೊತ್ತಾದ ತಾರೀಖು ಇತ್ತು. ರಜೆಯ ಅನುಕೂಲಕ್ಕಾಗಿ ವಾರದ ಕೊನೆಗೆ ಸರಿಸಿದರು. ಅಂದು ಪಟ್ಟಣಗಳು ಬರಿದಾಗುತ್ತವೆ. ಹಳ್ಳಿಯ ಹುಲ್ಲುಗಾವಲಿನಲ್ಲಿ ಬರ್ಚ್ ಮರದ ಎಲೆಗಳಿಂದಲೂ ಹೂಗಳಿಂದಲೂ ಸಿಂಗರಿಸಿದ ಎತ್ತರದ ಕಂಬವೊಂದನ್ನು ಹತ್ತಾರು ಮಂದಿ ಸೇರಿ ಎತ್ತಿ ನಿಲ್ಲಿಸುತ್ತಾರೆ. ಅದರ ಸುತ್ತ ದೊಡ್ಡವರು ಚಿಕ್ಕವರೆನ್ನದೆ ಕಪ್ಪೆಗಳಂತೆ ಕುಪ್ಪಳಿಸಿ ಕುಣಿಯುವುದುಂಟು. ಬ್ಯಾಂಕಿನ ಮ್ಯಾನೇಜರನಾದರೂ ಕುಪ್ಪಳಿಸಲೇಬೇಕು. ಊಟಕ್ಕೆ ಉಪ್ಪಿನಲ್ಲೂ ಹುಳಿಯಲ್ಲೂ ನೆನೆಸಿದ ಹೆರಿಂಗ್ ಮೀನು, ಹುಳಿ ಕೆನೆ, ಮೇಲೆ ಹೇಳಿದ ಆಲೂಗಡ್ಡೆ. ಕೊನೆಯಲ್ಲಿ ತೋಟದ ಸ್ಟ್ರಾಬೆರಿ, ಕೆನೆ. ಅಂದು ಮಳೆ ಬರುವುದೂ ಸಂಪ್ರದಾಯದ ಒಂದು ಅಂಗವೆಂಬಂತೆ ಜನ ಮೊದಲೇ ಛತ್ರಿ ಸಿದ್ಧವಾಗಿಟ್ಟುಕೊಂಡಿರುತ್ತಾರೆ. ರಾತ್ರಿ ಮದುವೆಯಾಗದ ಹೆಣ್ಣುಮಕ್ಕಳು ಒಂದು ಮಾತನ್ನೂ ಆಡದೆ, ಬೇಲಿ ದಾಟುತ್ತ ಏಳು ಬಗೆಯ ಹೂಗಳನ್ನು ಕೊಯ್ದು ತಲೆದಿಂಬಿನ ಕೆಳಗಿಟ್ಟು ಮಲಗಿದರೆ ಮದುವೆಯಾಗುವ ಗಂಡು ಕನಸಿನಲ್ಲಿ ಬರುವನಂತೆ. ಏಳು ಹೂ ಕೊಯ್ಯುವುದು ಸುಲಭ. ಗೆಳತಿಯರು ಜೊತೆಗಿರುವಾಗ ಮಾತನಾಡದಿರುವುದೇ ಕಷ್ಟ.

ಹಳ್ಳಿತೋಟದ ಈ ಸುಖವನ್ನು ಸವಿದವರಲ್ಲಿ ಜಗತ್ತಿಗೆಲ್ಲ ಪರಿಚಿತನಾದವನು ಕಾರ್ಲ್ ಲಿನೇಯಸ್. 1707ರಲ್ಲಿ ಸ್ಮೋಲಂಡ್ ಪ್ರಾಂತದ ರೋಸ್‌ಹುಲ್ಟ್ ಎಂಬಲ್ಲಿ ಹುಟ್ಟಿದ ಇವನ ತಂದೆ ಹಳ್ಳಿಯ ಪಾದ್ರಿ, ತೋಟದ ಹುಚ್ಚಿನವನು. ಮನೆತನದ ಹೆಸರೂ ಒಂದು ಲಿಂಡನ್ ಮರದಿಂದ ಬಂದುದೇ. ಗಿಡಮರಗಳಿಗೆ ಎರಡೆರಡು ಪದಗಳ ಶಾಸ್ತ್ರೀಯ ನಾಮ ಕೊಡುವ ಪದ್ಧತಿಯನ್ನು 1753ರ ತನ್ನ ಗ್ರಂಥದಲ್ಲಿ ಸ್ಥಿರಪಡಿಸಿದವನು ಈತ. ಮಲೆನಾಡಿನ ಅಡಿಕೆ ‘ಅರೇಕಾ ಕಟೇಚು’ ಆದದ್ದೂ, ಮಾವು ‘ಮ್ಯಾಂಜಿಫೆರಾ ಇಂಡಿಕಾ’ ಆದದ್ದೂ, ಸಬ್ಬಸಿಗೆ ಜಾತಿಗೆ ‘ಅನೇಥಮ್ ಗ್ರೇವಿಯೋಲೆನ್ಸ್’ ಎಂಬ ಹೆಸರಾದದ್ದೂ ಅಲ್ಲಿಯೇ. ಉಪ್ಸಾಲಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದಾಗ ಆತ ಬೇಸಿಗೆಯಲ್ಲಿ ವಿದ್ಯಾರ್ಥಿಗಳ ದಂಡನ್ನೇ ಕಟ್ಟಿಕೊಂಡು ಹೊಲಗದ್ದೆಗಳಿಗೆ ಹೊರಡುತ್ತಿದ್ದ. ಅಪೂರ್ವವಾದ ಗಿಡ ಸಿಕ್ಕರೆ ಕಹಳೆ ಊದಬೇಕು, ಎಲ್ಲರೂ ಓಡಿಬರಬೇಕು. ಸಂಜೆ ಕಹಳೆ, ನಗಾರಿಗಳೊಡನೆ ಪಟ್ಟಣಕ್ಕೆ ಮೆರವಣಿಗೆ, ಗುರುವಿಗೆ ಜಯಕಾರ. ಇತರ ಪಂಡಿತರಿಗೆ ಇದು ಸರಿಬೀಳಲಿಲ್ಲ. ಪಾಂಡಿತ್ಯಕ್ಕೆ ಇಷ್ಟೊಂದು ಉಲ್ಲಾಸ ಒಗ್ಗದೆಂದು ನಂಬುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

1758ರಲ್ಲಿ ಲಿನೇಯಸ್ ಉಪ್ಸಾಲಾದ ಹೊರಗೆ ಹಮ್ಮರ್‌ಬಿ ಎಂಬ ಹಳ್ಳಿಯ ಆಸ್ತಿಯನ್ನು ಕೊಂಡುಕೊಂಡ. ಬೇಸಿಗೆಗಳು ಅಲ್ಲಿ ಕಳೆದುವು. ಮಲಗುವ ಕೋಣೆಯ ಗೋಡೆಗಳಿಗೆಲ್ಲ ಗಿಡಗಳ ಚಿತ್ರಪಟಗಳನ್ನೇ ಅಂಟಿಸಿಕೊಂಡಿದ್ದಾನೆ, ಒಳಗೂ ತೋಟ ಬೇಕೆಂಬಂತೆ. ಸೈಬೀರಿಯದಿಂದ ಹೃದಯದಾಕಾರದ ಕೆಂಪು ಹೂವಿನ ಗಿಡವೊಂದರ ಬೀಜ ಬರುವುದೆಂದು ಆತ ಆಸೆಯಿಂದ ಕಾದಿದ್ದನಂತೆ. ಬಂದ ಬೀಜ ಮೊಳೆತು ಹೂ ಬಿಟ್ಟಾಗ ನೋಡಿದರೆ ಹಳದಿ ಹೂವಿನ ಬೇರೆಯೇ ಗಿಡ, ಕೊರಿಡಾಲಿಸ್. ಬೇಡದೆ ಬಂದ ಆ ಅತಿಥಿ ಹಮ್ಮರ್‌ಬಿಯ ಮರಗಳ ಬುಡದಲ್ಲಿ ತಾನೇ ತಾನಾಗಿ ಹಬ್ಬಿ ಇಂದಿಗೂ ಪ್ರತಿ ಮೇ ತಿಂಗಳಲ್ಲಿ ಅರಳುತ್ತಿದೆ.

ಲಿನೇಯಸನು ಪ್ರಾಧ್ಯಾಪಕ; ಆಸ್ತಿ ಕೊಳ್ಳಲು ಶಕ್ತನಾಗಿದ್ದ. ಸ್ವೀಡನ್ನಿನ ಬೇಸಿಗೆ ಎಂದೊಡನೆ ಚಿತ್ರಪಟಗಳಲ್ಲಿ ಕಾಣುವುದು ಅಂಥ ಬಂಗಲೆಯಲ್ಲ; ಕಾಡಿನ ಅಂಚಿನ ಪುಟ್ಟ ಕೆಂಪು ಮನೆ. ಬಿಳಿಯ ಕಿಟಕಿ, ಮುಂದೊಂದು ಸೇಬಿನ ಮರ, ಪಕ್ಕದಲ್ಲಿ ಲೈಲಾಕ್ ಪೊದೆ. ಆ ಕೆಂಪು ಬಣ್ಣ ಫಾಲುನ್ ಊರಿನ ತಾಮ್ರದ ಗಣಿಯ ಕಸದಿಂದ ಬಂದುದು. ಅದಿರು ತೆಗೆದು ಬಿಸುಟ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೇರಳವಾಗಿರುತ್ತದೆ. ಅದನ್ನು ಸುಟ್ಟು ಪುಡಿ ಮಾಡಿ, ನೀರು, ರೈ ಹಿಟ್ಟು, ಅಗಸೆ ಎಣ್ಣೆ ಹಾಕಿ ಗಂಜಿಯಂತೆ ಕುದಿಸಿ ಮರದ ಗೋಡೆಗೆ ಬಳಿದರೆ ವರುಷಗಟ್ಟಲೆ ಮಳೆ ಹಿಮಗಳಿಗೆ ಜಗ್ಗದು. ಗಣಿ 1992ರಲ್ಲಿ ಮುಚ್ಚಿತು; ಬಣ್ಣ ಇಂದಿಗೂ ತಯಾರಾಗುತ್ತಿದೆ.

ಈ ಕೆಂಪು ಮನೆಗಳಲ್ಲಿ ಎಷ್ಟೋ ಹಿಂದೆ ‘ಟೋರ್ಪ್’ಗಳಾಗಿದ್ದವು. ಟೋರ್ಪ್ ಎಂದರೆ ಜಮೀನ್ದಾರನ ಎಸ್ಟೇಟಿನ ಅಂಚಿನಲ್ಲಿ ಬಡ ಒಕ್ಕಲಿಗೆ ಬಿಟ್ಟುಕೊಟ್ಟ ಗುಡಿಸಲು, ಕಲ್ಲು ತುಂಬಿದ ಒಂದಿಷ್ಟು ನೆಲ. ಗೇಣಿಯನ್ನು ಹಣದಲ್ಲಿ ಕೊಡುವುದಲ್ಲ, ಮೈಯಲ್ಲಿ ಕೊಡುವುದು: ವಾರಕ್ಕೆ ಇಷ್ಟು ದಿನ ಧಣಿಯ ಹೊಲದಲ್ಲಿ ದುಡಿಯಬೇಕೆಂಬ ಕರಾರು. ಹುಲ್ಲು ಕೊಯ್ಯುವ, ಪೈರು ಕೊಯ್ಯುವ ಸುಗ್ಗಿಯ ದಿನಗಳಲ್ಲಿಯೇ ಧಣಿಗೂ ಆಳು ಬೇಕು. ಆದುದರಿಂದ ಒಕ್ಕಲು ತನ್ನ ನೆಲದ ಹುಲ್ಲನ್ನು ಕೊಯ್ಯುವುದು, ತನ್ನ ಆಲೂಗಡ್ಡೆಗೆ ಮಣ್ಣೇರಿಸುವುದು ಧಣಿಯ ಕೆಲಸ ಮುಗಿದ ಮೇಲೆ, ರಾತ್ರಿಯ ಬೆಳಕಿನಲ್ಲಿ. ಇಂದು ಪ್ರವಾಸಿಗರು ಬೆರಗಾಗಿ ನೋಡುವ ಆ ನೀಲಿಯ ಇರುಳು ಅವನ ಪಾಲಿಗೆ ಎರಡನೆಯ ಪಾಳಿ. ಲೈಲಾಕಿನ ಕಂಪು ಅವನ ಮೂಗಿಗೂ ಬಡಿದಿರಬೇಕು. ಕುಳಿತು ಆಘ್ರಾಣಿಸಲು ಬಿಡುವಿದ್ದಿತೇ ಎಂಬುದೇ ಪ್ರಶ್ನೆ.

1867ರಲ್ಲಿ ಆ ನಾಡಿಗೆ ಬೇಸಿಗೆ ಬಲು ತಡವಾಗಿ ಬಂದಿತು. ಮೇ ತಿಂಗಳಿಡೀ ಚಳಿ. ಬಡಗಣ ಪ್ರಾಂತಗಳಲ್ಲಿ ಕೆರೆಗಳ ಮೇಲಿನ ಹಿಮಗಡ್ಡೆ ಜೂನ್ ಬಂದರೂ ಕರಗಲಿಲ್ಲ. ಬಿತ್ತಿದ ಪೈರು ಮಾಗುವ ಮೊದಲೇ ಶರತ್ಕಾಲದ ಮಂಜು ಹೊಡೆಯಿತು. ಮರುವರ್ಷ ತೆಂಕಣದಲ್ಲಿ ಅನಾವೃಷ್ಟಿ. ಜನ ಪಾಚಿಯಂಥ ಕಲ್ಲುಹೂವನ್ನೂ ಮರದ ತೊಗಟೆಯನ್ನೂ ಹಿಟ್ಟಿಗೆ ಬೆರೆಸಿ ತಿಂದರು. ಸಾಲುಸಾಲಾಗಿ ಹಡಗು ಹತ್ತಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1930ರವರೆಗೆ ಸ್ವೀಡನ್ ಬಿಟ್ಟು ಹೋದವರು ಹನ್ನೆರಡು ಲಕ್ಷಕ್ಕೂ ಹೆಚ್ಚು, ಬಹುಪಾಲು ಅಮೆರಿಕಕ್ಕೆ. ಹೋದವರ ಮನೆಗಳು ಕುಸಿದು ಕಾಡಾದುವು. ಇಂದು ಫರ್ ಮರಗಳ ದಟ್ಟಣೆಯ ನಡುವೆ ಅಣಬೆ ಹುಡುಕುತ್ತ ಹೋದವರಿಗೆ ಇದ್ದಕ್ಕಿದ್ದಂತೆ ಒಂದು ಲೈಲಾಕ್ ಪೊದೆ, ಒಂದು ಗೂಸ್‌ಬೆರಿ ಗಿಡ, ಪಾಚಿ ಹಿಡಿದ ಸೇಬಿನ ಮರ ಎದುರಾಗುತ್ತದೆ. ಇವು ತಾವಾಗಿ ಕಾಡಿನಲ್ಲಿ ಹುಟ್ಟುವ ಗಿಡಗಳಲ್ಲ. ನಾಲ್ಕು ಹೆಜ್ಜೆ ಸುತ್ತಾಡಿದರೆ ಒಲೆಯ ಕಲ್ಲುಗಳು ಸಿಗುತ್ತವೆ. ಊರ ಚರಿತ್ರೆಯ ಸಂಘದವರು ಅಂಥ ಎಷ್ಟೋ ಜಾಗಗಳಲ್ಲಿ ಟೋರ್ಪಿನ ಹೆಸರು ಬರೆದ ಸಣ್ಣ ಫಲಕ ನೆಟ್ಟಿದ್ದಾರೆ. ಫಲಕವಿಲ್ಲದ ಕಡೆ ಲೈಲಾಕೇ ಸಾಕ್ಷಿ. ಒಂದು ಹೊತ್ತಿನ ರೊಟ್ಟಿಗೆ ಕಷ್ಟವಿದ್ದ ಯಾವಳೋ ಹೆಂಗಸು, ತಿನ್ನಲೂ ಬಾರದ, ಮಾರಲೂ ಬಾರದ ಈ ಹೂಗಿಡವನ್ನು ಬಾಗಿಲ ಬಳಿ ನೆಟ್ಟಿದ್ದಳು.

ಜಮೀನ್ದಾರನಿಗೆ ಮೈ ದುಡಿತದ ಗೇಣಿ ಕೊಡುವ ಈ ಪದ್ಧತಿಯನ್ನು 1943ರಲ್ಲಿ ಕಾನೂನು ನಿಷೇಧಿಸಿತು. ಅಷ್ಟು ಹೊತ್ತಿಗೆ ಬೇರೊಂದು ಬದಲಾವಣೆ ಮೊದಲಾಗಿತ್ತು. ಹಳ್ಳಿಯಿಂದ ಕಾರ್ಖಾನೆಗಳಿಗೆ ಬಂದು ಸ್ಟಾಕ್‌ಹೋಮಿನ ಕತ್ತಲೆ ಕೋಣೆಗಳಲ್ಲಿ ತುಂಬಿಕೊಂಡಿದ್ದ ಕೂಲಿಕಾರರ ಮಕ್ಕಳು ಆಲೂಗಡ್ಡೆ ಎಲ್ಲಿ ಬೆಳೆಯುತ್ತದೆಂದು ನೋಡಿಯೇ ಇರಲಿಲ್ಲ. ಆನಾ ಲಿಂಡ್‌ಹಾಗೆನ್ ಎಂಬಾಕೆ, ಮಕ್ಕಳ ಕ್ಷೇಮಕ್ಕಾಗಿಯೂ ಹೆಂಗಸರ ಮತದ ಹಕ್ಕಿಗಾಗಿಯೂ ದುಡಿದ ಸಮಾಜವಾದಿ, ಕೋಪನ್‌ಹೇಗನ್ನಿನಲ್ಲಿ ಕೆಲಸಗಾರರಿಗೆ ಹಂಚಿದ್ದ ಪುಟ್ಟ ತೋಟಗಳನ್ನು ಕಂಡು ಬಂದಳು. 1906ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಥ ತೋಟಗಳ ಸಂಘ ಆಕೆಯ ಮುಂದಾಳುತನದಲ್ಲಿ ಹುಟ್ಟಿತು. ಒಂದೊಂದು ಸಂಸಾರಕ್ಕೂ ಅಂಗೈಯಗಲ ನೆಲ, ಸಲಕರಣೆ ಇಡಲು ಆಟಿಕೆಯಂಥ ಮರದ ಮನೆ. ಕಾರ್ಖಾನೆ ಮುಗಿಸಿ ಬಂದ ಗಂಡ, ಬಟ್ಟೆ ಒಗೆದು ಬಂದ ಹೆಂಡತಿ, ಮಕ್ಕಳು, ಎಲ್ಲರೂ ಸಂಜೆಯ ಬೆಳಕಿನಲ್ಲಿ ಅಗೆದರು. ಆದರೆ ಈ ಸಲ ಅಗೆದದ್ದು ತಮಗಾಗಿ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ ಊಟಕ್ಕೆ ತತ್ವಾರವಾಗಿ ಹೆಂಗಸರು ಬೀದಿಗಿಳಿದಾಗ, ಈ ಅಂಗೈಯಗಲದ ನೆಲಗಳ ಬೆಲೆ ಎಲ್ಲರಿಗೂ ತಿಳಿಯಿತು. 1915ರಲ್ಲಿ ಮೊದಲಾದ ತಾಂತೋಲುಂಡನ್ ತೋಟಗಳು ಇಂದಿಗೂ ಸ್ಟಾಕ್‌ಹೋಮಿನ ನಡುವೆಯೇ ಗುಡ್ಡದ ಮೈಮೇಲೆ ಹೂ ಬಿಟ್ಟುಕೊಂಡಿವೆ. ಅಲ್ಲೊಂದು ತೋಟ ಬೇಕೆಂದು ಹೆಸರು ಬರೆಸಿದವರು ವರ್ಷಾನುವರ್ಷ ಕಾಯಬೇಕು.

ನೆಲ ಸಿಕ್ಕರೆ ಸಾಲದು, ಬಿಡುವೂ ಸಿಗಬೇಕಲ್ಲವೇ? 1938ರಲ್ಲಿ ಎಲ್ಲ ಕೆಲಸಗಾರರಿಗೂ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆ ಕೊಡಬೇಕೆಂಬ ಕಾನೂನು ಬಂದಿತು. 1951ರಲ್ಲಿ ಅದು ಮೂರು ವಾರವಾಯಿತು, 1963ರಲ್ಲಿ ನಾಲ್ಕು, 1978ರಲ್ಲಿ ಐದು. ರಜೆ ಸಿಕ್ಕ ಪಟ್ಟಣಿಗರು ಹಾಳು ಬಿದ್ದ ಟೋರ್ಪುಗಳನ್ನು ಹುಡುಕಿ ಕೊಂಡರು; ಛಾವಣಿ ಸರಿಪಡಿಸಿದರು, ಕೆಂಪು ಬಣ್ಣ ಬಳಿದರು, ಅಜ್ಜಿ ನೆಟ್ಟ ಸೇಬನ್ನು ಮೊಮ್ಮಕ್ಕಳು ಕೊಯ್ದರು. ಇಂದು ಒಂದು ಕೋಟಿಗೆ ತುಸು ಮೇಲ್ಪಟ್ಟ ಜನಸಂಖ್ಯೆಯ ಆ ದೇಶದಲ್ಲಿ ಬೇಸಿಗೆಯ ಮನೆಗಳು ಸುಮಾರು 6 ಲಕ್ಷ. ಇದರಲ್ಲಿ ಅರಮನೆಗಳು ಅಪರೂಪ. ನೀರು ಸೇದಿ ತರುವ, ಪಾಯಿಖಾನೆ ಅಂಗಳದಾಚೆ ಇರುವ ಮನೆಗಳಿಗೂ ಜನ ಹಂಬಲಿಸಿ ಹೋಗುತ್ತಾರೆ. ಸಮುದ್ರತೀರದ ಮನೆಗಳ ಬೆಲೆ ಮಾತ್ರ ಈಗ ಸಾಮಾನ್ಯನ ಕೈಗೆ ಎಟುಕದಷ್ಟು ಏರಿದೆ. ಮೀನುಗಾರನ ಗುಡಿಸಲಿನಲ್ಲಿ ಈಗ ಮೀನುಗಾರನ ಮಗನಿಗೆ ಜಾಗವಿಲ್ಲವೆಂಬ ದೂರು ಅಲ್ಲಿಯೂ ಕೇಳಿಬರುತ್ತದೆ.

ಮನೆಯಿಲ್ಲದವರಿಗೂ ಬೇಸಿಗೆಯ ಪಾಲು ತಪ್ಪದಂತೆ ಒಂದು ಹಳೆಯ ವಾಡಿಕೆ ಕಾಯುತ್ತದೆ. ‘ಸರ್ವಜನರ ಹಕ್ಕು’ ಎಂದು ಅದಕ್ಕೆ ಹೆಸರು. ಕಾಡು ಯಾರದೇ ಆಗಿರಲಿ, ಯಾರಾದರೂ ನಡೆದು ಹೋಗಬಹುದು. ಕಾಡಿನ ಹಣ್ಣು, ಅಣಬೆ, ಹೂ ಆರಿಸಿಕೊಳ್ಳಬಹುದು. ಮನೆಯ ಅಂಗಳಕ್ಕೆ ಕಾಲಿಡಬಾರದು, ಬೆಳೆ ತುಳಿಯಬಾರದು, ಗಿಡ ಮುರಿಯಬಾರದು. 1994ರಲ್ಲಿ ಇದಕ್ಕೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ಜುಲೈ ತಿಂಗಳಲ್ಲಿ ಕಾಡಿನಂಚಿನ ಇಳಿಜಾರುಗಳಲ್ಲಿ ಹಣ್ಣಾಗುವ ‘ಸ್ಮುಲ್‌ಟ್ರೋನ್’ ಎಂಬ ಕಾಡು ಸ್ಟ್ರಾಬೆರಿಗೆ ಈ ಹಕ್ಕೇ ಒಡೆಯ. ಹಣ್ಣು ಕಡಲೆಕಾಳಿನಷ್ಟು, ಪರಿಮಳ ಮಾತ್ರ ಬುಟ್ಟಿಯಷ್ಟು. ಮಕ್ಕಳು ಉದ್ದನೆಯ ಹುಲ್ಲುಕಡ್ಡಿಗೆ ಅವನ್ನು ಮಣಿಗಳಂತೆ ಪೋಣಿಸಿಕೊಂಡು ಮನೆಗೆ ಬರುತ್ತಾರೆ. ದಾರಿಯಲ್ಲಿಯೇ ಅರ್ಧ ಖಾಲಿ. ಅದು ಹೇರಳವಾಗಿ ಸಿಗುವ ಜಾಗವನ್ನು ಒಬ್ಬರು ಇನ್ನೊಬ್ಬರಿಗೆ ಹೇಳುವುದಿಲ್ಲ. ‘ಸ್ಮುಲ್‌ಟ್ರೋನ್ ಇರುವ ಜಾಗ’ ಎಂದರೆ ಅವರ ನುಡಿಯಲ್ಲಿ ಮನಸ್ಸಿಗೆ ಅತಿ ಪ್ರಿಯವಾದ ಗುಟ್ಟಿನ ತಾಣವೆಂದೇ ಅರ್ಥ. ಇಂಗ್ಮಾರ್ ಬರ್ಗ್‌ಮನ್ನನ 1957ರ ಪ್ರಸಿದ್ಧ ಚಲನಚಿತ್ರಕ್ಕೂ ಇದೇ ಹೆಸರು.

ಬೇಸಿಗೆಯ ತೋಟದ ಚಿತ್ರವನ್ನು ಎಲ್ಲರ ಕಣ್ಣಿಗೆ ಕಟ್ಟಿಕೊಟ್ಟ ಕಲಾವಿದ ಕಾರ್ಲ್ ಲಾರ್ಸನ್. ಸ್ಟಾಕ್‌ಹೋಮಿನ ಕೊಳಕು ಓಣಿಗಳಲ್ಲಿ ಕಡುಬಡತನದಲ್ಲಿ ಬೆಳೆದ ಹುಡುಗ. 1888ರಲ್ಲಿ ಹೆಂಡತಿ ಕಾರಿನ್ನಳ ತಂದೆ ಇವರಿಗೆ ಸುಂಡ್‌ಬೋರ್ನ್ ಹಳ್ಳಿಯಲ್ಲಿ ಒಂದು ಸಣ್ಣ ಮನೆ ಬಿಟ್ಟುಕೊಟ್ಟ. ಬರ್ಚ್ ಮರದ ಕೆಳಗೆ ಉದ್ದನೆಯ ಮೇಜು, ಸುತ್ತಲೂ ಮಕ್ಕಳು, ಪಕ್ಕದಲ್ಲಿ ನಾಯಿ ಇರುವ ಆತನ ಜಲವರ್ಣ ಚಿತ್ರ ಬಲು ಪ್ರಸಿದ್ಧ. 1899ರಲ್ಲಿ ಬಂದ ‘ಒಂದು ಮನೆ’ ಎಂಬ ಆತನ ಚಿತ್ರಸಂಪುಟವನ್ನು ಕಂಡು ಹಲವು ದೇಶಗಳ ಜನ ತಮ್ಮ ಮನೆಗಳನ್ನು ಬೆಳ್ಳಗೆ, ಹಗುರಾಗಿ ಮಾಡಿಕೊಂಡರು. ಚಿತ್ರಗಳಲ್ಲಿ ಕಾಣುವ ಪರದೆ, ಮೇಜಿನ ವಸ್ತ್ರ, ಮಕ್ಕಳ ಉಡುಪು ಬಹುಮಟ್ಟಿಗೆ ಕಾರಿನ್ನಳ ಕೈಕೆಲಸ. ಆಕೆಯೂ ಕಲಾಶಾಲೆಯಲ್ಲಿ ಕಲಿತ ಚಿತ್ರಗಾರ್ತಿ. ಸಂಸಾರ ಬೆಳೆದ ಮೇಲೆ ಕುಂಚವನ್ನು ಕೆಳಗಿಟ್ಟಳು. ಆ ಉದ್ದನೆಯ ಮೇಜಿಗೆ ತಿಂಡಿ ತಂದಿಟ್ಟವರು ಯಾರೆಂದು ಚಿತ್ರ ನೋಡುವವರು ಒಂದು ಕ್ಷಣವಾದರೂ ಯೋಚಿಸಿದರೆ ನಷ್ಟವಿಲ್ಲ.

ತೋಟವೆಂದ ಮೇಲೆ ಉಪದ್ರವಗಳಿಲ್ಲದೆ ಇಲ್ಲ. ಸೊಳ್ಳೆಯ ಮಾತನ್ನು ಎತ್ತದಿರುವುದೇ ಲೇಸು. 1970ರ ದಶಕದಿಂದೀಚೆಗೆ ಚಿಪ್ಪಿಲ್ಲದ ಒಂದು ದಪ್ಪ ಬಸವನಹುಳು ಹೊರನಾಡಿನಿಂದ ಬಂದು ಸೇರಿದೆ. ಜನ ಅದಕ್ಕೆ ‘ಕೊಲೆಗಡುಕ ಹುಳು’ ಎಂದು ಹೆಸರಿಟ್ಟಿದ್ದಾರೆ. ಒಂದೇ ರಾತ್ರಿಯಲ್ಲಿ ಸೊಪ್ಪಿನ ಪಾತಿಯನ್ನು ಬೋಳಿಸಬಲ್ಲುದು. ಮಳೆ ನಿಂತ ಸಂಜೆಗಳಲ್ಲಿ ಸಭ್ಯ ಗೃಹಸ್ಥರು ಬಕೆಟ್ಟು ಹಿಡಿದು ಬಾಗಿ ಬಾಗಿ ಹುಳು ಆರಿಸುತ್ತ ನೆರೆಯವರ ಬೇಲಿಯ ಬಳಿ ಸಂಧಿಸುತ್ತಾರೆ. ‘ಇಂದು ಎಷ್ಟು?’ ಎಂಬುದೇ ಕುಶಲ ಪ್ರಶ್ನೆ.

ಇದಕ್ಕಿಂತ ದೊಡ್ಡ ಆತಂಕ 2018ರಲ್ಲಿ ಬಂದಿತು. ಆ ವರ್ಷ ಮೇ ತಿಂಗಳಿನಿಂದಲೇ ಬಿಸಿಲು ಕಾದು, ಹುಲ್ಲು ಹೊಂಬಣ್ಣಕ್ಕೆ ತಿರುಗಿತು. ಜುಲೈಯಲ್ಲಿ ನಾಡಿನ ನಡುಭಾಗದ ಕಾಡುಗಳು ಹೊತ್ತಿ ಉರಿದುವು. ಇಟಲಿ, ಫ್ರಾನ್ಸುಗಳಿಂದ ನೀರು ಸುರಿಯುವ ವಿಮಾನಗಳು ಬಂದುವು. ಪೋಲೆಂಡಿನಿಂದ ಬೆಂಕಿ ಆರಿಸುವವರ ವಾಹನಗಳ ಸಾಲು ಬಂದಾಗ ಜನ ರಸ್ತೆಯ ಬದಿಯಲ್ಲಿ ನಿಂತು ಕೈಬೀಸಿದರು. ಎಷ್ಟೋ ಊರುಗಳಲ್ಲಿ ತೋಟಕ್ಕೆ ನೀರು ಹಾಯಿಸಬಾರದೆಂಬ ಆಜ್ಞೆ ಹೊರಟಿತು. ಪಾತ್ರೆ ತೊಳೆದ ನೀರನ್ನು ಹೊತ್ತು ಗುಲಾಬಿಯ ಬುಡಕ್ಕೆ ಸುರಿದ ಆ ಬೇಸಿಗೆಯಲ್ಲಿ, ಬಿಸಿಲಿಗಾಗಿ ಹಂಬಲಿಸುತ್ತಿದ್ದ ಜನ ಕುರ್ಚಿಯನ್ನು ಮೊದಲ ಬಾರಿಗೆ ನೆರಳಿಗೆ ಎಳೆದುಕೊಂಡರು.

ಆಗಸ್ಟ್ ಬಂದಿತೆಂದರೆ ಇರುಳು ಮರಳುತ್ತದೆ. ಹಗಲು ಇನ್ನೂ ಬೆಚ್ಚಗಿದ್ದರೂ ಸಂಜೆ ಎಂಟಕ್ಕೇ ಮೇಜಿನ ಮೇಲೆ ದೀಪ ಬೇಕು. ಸಬ್ಬಸಿಗೆಯ ಹೂಗೊನೆ ಹಾಕಿ ಬೇಯಿಸಿದ ಕ್ರೇಫಿಷ್ ಎಂಬ ಸಿಹಿನೀರಿನ ಕೆಂಪು ಜೀವಿಯನ್ನು ಸದ್ದು ಮಾಡಿ ಹೀರಿ ತಿನ್ನುವ ಕೂಟಗಳು ನಡೆಯುತ್ತವೆ. ಮರದ ಕೊಂಬೆಗೆ ಚಂದ್ರನ ಮುಖದ ಕಾಗದದ ಗೂಡುದೀಪ. ಎಲ್ಡರ್ ಹೂವನ್ನು ನಿಂಬೆ, ಸಕ್ಕರೆಗಳೊಡನೆ ನಾಲ್ಕೈದು ದಿನ ನೆನೆಸಿ ಸೋಸಿದ ಪಾನಕ ಆಗಲೇ ಬಾಟಲಿಗಳಲ್ಲಿ ತುಂಬಿ ಕಪಾಟು ಸೇರಿದೆ. ಜನವರಿಯ ಕತ್ತಲೆಯಲ್ಲಿ ಒಂದು ಬಾಟಲಿ ತೆರೆದರೆ ಅಡುಗೆಮನೆಗೆ ಜೂನ್ ತಿಂಗಳು ಬಂದುಹೋಗುತ್ತದೆ.

ಸೆಪ್ಟೆಂಬರಿನ ಒಂದು ಭಾನುವಾರ ಮನೆ ಮುಚ್ಚುವ ದಿನ. ಹಿಮಕ್ಕೆ ಒಡೆಯದಂತೆ ಕೊಳವೆಗಳ ನೀರನ್ನೆಲ್ಲ ಬಸಿದು ಬಿಡಬೇಕು, ದೋಣಿಯನ್ನು ದಡಕ್ಕೆ ಎಳೆದು ಬೋರಲು ಹಾಕಬೇಕು, ಇಲಿಬೋನು ಒಡ್ಡಬೇಕು, ಕುರ್ಚಿಗಳನ್ನು ಮಡಿಸಿ ಅಟ್ಟಕ್ಕೇರಿಸಬೇಕು. ಸೇಬನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಾರೆ. ಮಕ್ಕಳು ಆಗಲೇ ಕಾರಿನಲ್ಲಿ ಕುಳಿತು ಕೂಗುತ್ತಿರುತ್ತಾರೆ. ಮನೆಯೊಡತಿ ಮಾತ್ರ ಇನ್ನೂ ಬಂದಿಲ್ಲ. ಬೇಲಿಯ ಬಳಿ ಒಣಗಿ ಬಿದ್ದ ರೂಬಾರ್ಬಿನ ಎಲೆಗಳನ್ನು ಸರಿಸಿ, ಬರುವ ಏಪ್ರಿಲಿಗೆಂದು ಅದರ ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಸುರಿಯುತ್ತಿದ್ದಾಳೆ.